ನಾಚಿಕೆಯ ಬೆಲೆ ಕೂಸು ತೆರಬೇಕೆ?

ಗೆಳತಿಯರೇ, ಚೊಚ್ಚಲ ಬಸಿರಿನಲ್ಲಿ ನನಗೆ ಉರಿಮೂತ್ರವಿತ್ತು. ನಾಚಿ ಬಾಯಿ ಬಿಡಲಿಲ್ಲ. ಅಂಗಡಿಯಿಂದ ತರಿಸಿದ ಎರಡು ಗುಳಿಗೆ ನುಂಗಿ ಸುಮ್ಮನಾದೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳ ಪಾಡೇ ಇದು. ಹಾಗಿರುವಾಗ ದವಾಖಾನೆಗೆ ಹೋಗಲು ಅತ್ತೆಯ ಅಪ್ಪಣೆ, ಗಂಡನ ದುಡ್ಡು ಕಾಯಬೇಕಾದ ತಿರ್ಲಾಪುರದ ಸೊಸೆ ಏನು ಮಾಡಿಯಾಳು?

ಪರೀಕ್ಷೆಯಿಲ್ಲದೆ, ಮನಬಂದಂತೆ ಆಂಟಿಬಯಾಟಿಕ್ ನುಂಗಿದರೆ ಅದಕ್ಕೆ ಬಗ್ಗದ ರೋಗಾಣುಗಳು ಉಳಿದು ಬೆಳೆಯುತ್ತವೆ. ಹೆರಿಗೆಯಲ್ಲಿ ಅವು ತಾಯಿಯಿಂದ ಕೂಸಿಗೆ ದಾಟಬಹುದು. ಹೆರಿಗೆ ಮಾಡಿಸುವವರ ತೊಳೆಯದ ಕೈಗಳಿಂದಲೂ ಅಂಟಬಹುದು. ಆಗ ಕೂಸಿಗೆ ಕೊಡುವ ಔಷಧಿ ನಾಟುವುದಿಲ್ಲ. ದಿಲ್ಲಿಯ ಮೂರು ಆಸ್ಪತ್ರೆಗಳಲ್ಲಿ ನಂಜೇರಿದ ನವಜಾತ ಶಿಶುಗಳ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅಲ್ಲಿ ಹೆಚ್ಚಾಗಿ ಕಂಡ ಅಸಿನೆಟೊಬ್ಯಾಕ್ಟರ್ ಎಂಬ ರೋಗಾಣುಗಳಲ್ಲಿ ಶೇ. 82ರಷ್ಟು ಹಲವು ಔಷಧಿಗಳಿಗೆ ಬಗ್ಗದಂಥವು.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಬಂದಂದಿನಿಂದ ಸರಕಾರಿ ದವಾಖಾನೆಯಲ್ಲಿ ಬಸುರಿಗೆ ಪರೀಕ್ಷೆ, ಔಷಧಿ ಪುಕ್ಕಟೆ. ಅದು ದಾನವಲ್ಲ, ನಮ್ಮ ಹಕ್ಕು. ಸಂಘದ ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಬಸುರಿಯನ್ನು ಬದಿಗೆ ಕರೆದು ಕೇಳಿರಿ: "ಉರಿ ಐತೇನವ್ವಾ?" ಇದ್ದರೆ ಇಬ್ಬರು ಜೊತೆಗೆ ಹೋಗಿರಿ. ಮೂತ್ರ ಪರೀಕ್ಷೆ ಮಾಡಿಸಿರಿ. ವೈದ್ಯರು ಹೇಳಿದಷ್ಟು ದಿನ ಗುಳಿಗೆ ನುಂಗುವಂತೆ ನೋಡಿಕೊಳ್ಳಿರಿ.

ಹೊಡೆತವನ್ನು ಮುಚ್ಚಿಡಬಾರದೆಂದು ಕಲಿತ ನಾವು ಬೇನೆಯನ್ನೇಕೆ ಮುಚ್ಚಿಡಬೇಕು?