ಉಳಿದ ಮಕ್ಕಳಿಗೆ ಹಿಟ್ಟಿಕ್ಕುವವರು ಯಾರು?

ಮಾನ್ಯ ಚಾಮರಾಜನಗರ ಜಿಲ್ಲಾಧಿಕಾರಿಗಳೇ,

ಯಳಂದೂರು ತಾಲ್ಲೂಕಿನ ಸೋಲಿಗರ ಪೋಡುಗಳಲ್ಲಿ (ಹಾಡಿಗಳಲ್ಲಿ) ಅಂಗನವಾಡಿ ಕಾರ್ಯಕರ್ತೆಯರ ಜೊತೆ ಓಡಾಡಿ, ತೀರಾ ಸೊರಗಿದ ಮಕ್ಕಳನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಲು ನೆರವಾಗುವ ಸ್ವಯಂಸೇವಕಿ ನಾನು. ಸಂಬಳವಿಲ್ಲ, ಅಧಿಕಾರವೂ ಇಲ್ಲ. ಅದಕ್ಕೇ ಇರಬೇಕು, ಹೆಂಗಸರು ನನ್ನೆದುರು ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ.

ತೀರಾ ಸೊರಗಿದ ಮಗುವನ್ನು ಗುರುತಿಸುವುದು ಕಷ್ಟವಲ್ಲ. ಆರು ತಿಂಗಳು ದಾಟಿದ ಮಗುವಿನ ಎಡ ರಟ್ಟೆಗೆ ಬಣ್ಣದ ಪಟ್ಟಿ ಸುತ್ತುತ್ತೇವೆ. 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕೆಂಪು, 12.5ರ ಒಳಗಿದ್ದರೆ ಹಳದಿ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಗುಳಿ ಹಾಗೇ ಉಳಿದರೆ ಪಟ್ಟಿಯ ಬಣ್ಣಕ್ಕೂ ಕಾಯಬೇಕಿಲ್ಲ. ಕಷ್ಟ ಶುರುವಾಗುವುದು ಆಮೇಲೆ.

ಕೇಂದ್ರದಲ್ಲಿ ತಾಯಿ, ಮಗು ಸುಮಾರು 14 ದಿನ ಇರಬೇಕು. ಮಗುವಿಗೆ ಮೊದಮೊದಲು ಎರಡು ಗಂಟೆಗೊಮ್ಮೆ ಅಳತೆಯ ಹಾಲು, ಜೊತೆಗೆ ಔಷಧಿ. ತಾಯಿಗೆ ಊಟ, ತಪ್ಪಿದ ಕೂಲಿಗೆ ಪರಿಹಾರ. ಯೋಜನೆ ಚೆನ್ನಾಗಿಯೇ ಇದೆ. ಆದರೆ ಒಲೆ ಮುಂದೆ ಕೂತಿದ್ದ ಒಬ್ಬ ತಾಯಿ ಕೇಳಿದಳು: “ಹಟ್ಟಿಲಿರ ಐಕ್ಳಿಗ ಹಿಟ್ಟಿಕ್ಕೋರು ಯಾರಕ್ಕ?” ಗಂಡ ಕಾಫಿ ತೋಟದ ಕೂಲಿಗೆ ಹೋಗಿದ್ದ. ಪಕ್ಕದಲ್ಲೇ ನಾಲ್ಕು ವರ್ಷದ ಮಗಳು, ತಮ್ಮನಿಗೆಂದು ಅಂಗನವಾಡಿ ಕೊಟ್ಟ ಪುಷ್ಟಿ ಪುಡಿಯನ್ನು ಅಂಗೈಗೆ ಸುರಿದುಕೊಂಡು ನೆಕ್ಕುತ್ತಿದ್ದಳು. ಬೈಯಲು ಬಾಯಿ ಬರಲಿಲ್ಲ, ಅವಳಿಗೂ ಹಸಿವೇ.

ಆ ತಾಯಿ ಹೋದಳು. ನಾಲ್ಕನೇ ದಿನ ಮಗುವನ್ನು ಕಟ್ಟಿಕೊಂಡು ಬೆಟ್ಟಕ್ಕೆ ವಾಪಸ್ ಬಂದಳು. ಇಂಥ ಕಡೆ “ತಾಯಿ ಸಹಕರಿಸಲಿಲ್ಲ” ಎಂದು ಬರೆದು ಕಡತ ಮುಚ್ಚುವುದುಂಟು. ಅದು ಶುದ್ಧ ಸುಳ್ಳು. ಒಂದು ಮಗು ಉಳಿಸಿಕೊಳ್ಳಲು ಇನ್ನೆರಡನ್ನು ಉಪವಾಸ ಕೆಡವಲಾರೆನೆಂದಳು, ಅಷ್ಟೇ.

ಇಂಥ ಕಷ್ಟಕ್ಕೆ ದಾರಿ ಹುಡುಕುವುದು ಈ ಸೀಮೆಗೆ ಹೊಸದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ನಮ್ಮ ನೆರೆಯ ಟಿ. ನರಸೀಪುರ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿ, ವೈದ್ಯರೇ ಪೋಡಿಗೆ ನಡೆದು ಹೋಗುವುದನ್ನು ಕಲಿಸಿದರು. ಹೊಸ ಹಾದಿ ತೋರಿದ ಸೀಮೆಯಿದು. ಇನ್ನೊಂದನ್ನು ಇಲ್ಲಿಂದಲೇ ಶುರು ಮಾಡಬಹುದು.

ನಾನು ಕೇಳುವುದು ದೊಡ್ಡದೇನಲ್ಲ. ತಾಯಿ ಕೇಂದ್ರದಲ್ಲಿರುವಷ್ಟು ದಿನ ಮನೆಯ ಉಳಿದ ಮಕ್ಕಳಿಗೆ ಅಂಗನವಾಡಿಯಲ್ಲೇ ಮೂರು ಹೊತ್ತು ಊಟ ಹಾಕಿಸಿ. ರಾತ್ರಿ ಅವರನ್ನು ನೋಡಿಕೊಳ್ಳಲು ಅದೇ ಪೋಡಿನ ಒಬ್ಬ ಹೆಂಗಸಿಗೆ ದಿನಗೂಲಿ ಕೊಡಿಸಿ. ತಾಯಿಯ ಕೂಲಿ ಪರಿಹಾರ ಎಂದೋ ಬ್ಯಾಂಕಿಗೆ ಬೀಳುವ ಬದಲು, ಬಿಡುಗಡೆಯ ದಿನವೇ ಅವಳ ಕೈಗೆ ಸಿಗಲಿ. ಕಾಫಿ ಕೊಯ್ಲಿಗೆ ಜನ ಹೊರಡುವ ಮೊದಲೇ ಆದೇಶವಾದರೆ ಈ ವರ್ಷದ ಮಕ್ಕಳಿಗೇ ಉಪಯೋಗ. ತಾಯಂದಿರನ್ನು ಒಪ್ಪಿಸಿ ಕರೆತರುವ ಕೆಲಸ ನಮಗೆ ಬಿಡಿ.

ಇಂತಿ,
ಯಳಂದೂರಿನ ಒಬ್ಬ ಸ್ವಯಂಸೇವಕಿ