ಮಾಡಿದ ಮೇಲೆ ಆಲೋಚನೆ ಬೇಡವೆ?

ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಂದ 'ಪ್ರಾಜೆಕ್ಟು' ಮಾಡಿಸುವ ಕ್ರಮವು ಈಗ ರೂಢಿಗೆ ಬಂದಿರುವುದಷ್ಟೆ. ಕ್ರಮವು ಸ್ತುತ್ಯವಾದುದೇ, ನಡೆಯುತ್ತಿರುವ ರೀತಿಯು ಅನೇಕ ಕಡೆ ಶೋಚನೀಯವಾದುದು. ತಂದೆಯು ಅಂಗಡಿಯಿಂದ ಥರ್ಮೋಕೋಲು ತರುವನು. ತಾಯಿಯು ರಾತ್ರಿ ಕುಳಿತು ಅಂಟಿಸುವಳು. ಮಗುವು ಬೆಳಿಗ್ಗೆ ಹೊತ್ತೊಯ್ಯುವುದು. ಉಪಾಧ್ಯಾಯರು ಅಂಕವಿತ್ತು ಬೀರುವಿನ ಮೇಲಿಡುವರು. ಇದರಲ್ಲಿ ಮಗುವಿಗೆ ದಕ್ಕಿದ ವಿದ್ಯೆ ಯಾವುದು?

ಅಮೆರಿಕದ ಶಿಕ್ಷಣ ಪಂಡಿತರಾದ ಕಿಲ್‌ಪ್ಯಾಟ್ರಿಕ್‌ರವರು 1918ರಲ್ಲಿ ಈ ಪದ್ಧತಿಯನ್ನು ನಿರೂಪಿಸಿದಾಗ ಸಂಕಲ್ಪ, ಯೋಜನೆ, ಕಾರ್ಯ, ವಿಮರ್ಶೆಯೆಂದು ನಾಲ್ಕು ಹಂತಗಳನ್ನು ಹೇಳಿದರು. ನಮ್ಮವರು ಮೂರನೆಯದನ್ನು ಹಿಡಿದು ನಾಲ್ಕನೆಯದನ್ನು ಕೈಬಿಟ್ಟಿರುವರು. ಮಹಾತ್ಮ ಗಾಂಧಿಯವರೂ 1937ರಲ್ಲಿ ಬುನಾದಿ ಶಿಕ್ಷಣವನ್ನು ಪ್ರತಿಪಾದಿಸುತ್ತ, ಕಸುಬನ್ನು ಯಾಂತ್ರಿಕವಾಗಿ ಕಲಿಸಿದರೆ ಸಾಲದು, ಪ್ರತಿಯೊಂದು ಕ್ರಿಯೆಯ ಕಾರಣವನ್ನೂ ಮಗುವು ತಿಳಿಯಬೇಕೆಂದು ಒತ್ತಿ ಹೇಳಿದ್ದರು.

ಎರಡು ಕುಡಿಕೆಗಳಲ್ಲಿ ಹೆಸರುಕಾಳು ಬಿತ್ತಿ, ಒಂದನ್ನು ಕತ್ತಲೆಯಲ್ಲಿಯೂ ಒಂದನ್ನು ಬೆಳಕಿನಲ್ಲಿಯೂ ಇಡಲಿ. ಕತ್ತಲೆಯ ಸಸಿ ನೀಳವಾಗಿ ಬಿಳಿಚಿಕೊಂಡಿತೇಕೆ? ಬೆಳಕಿನದು ಗಿಡ್ಡವಾದರೂ ಹಸುರಾಯಿತೇಕೆ? ನಾನೆಣಿಸಿದ್ದೇನು, ಆದುದೇನು? ಮುಂದಿನ ಸಲ ಏನನ್ನು ಬದಲಿಸುವೆನು? ಇವುಗಳಿಗೆ ಮಗುವು ತನ್ನ ಮಾತಿನಲ್ಲಿಯೇ ಉತ್ತರವಿತ್ತರೆ, ಮೊಳೆಯದ ಕಾಳು ಸಹ ಪಾಠ ಹೇಳುವುದು.

ಇದಕ್ಕೆ ಹೊಸ ಕಟ್ಟಡವೂ ಬೇಡ, ಹೆಚ್ಚಿನ ಹಣವೂ ಬೇಡ; ಬೇಕಾದುದು ಬಿಡುವು. ಪಾಠಪಟ್ಟಿ ಮುಗಿಸುವ ಆತುರದಲ್ಲಿರುವ ಉಪಾಧ್ಯಾಯರನ್ನಷ್ಟೇ ದೂರುವುದು ನ್ಯಾಯವಲ್ಲ. ಪ್ರತಿಯೊಂದು ಪ್ರಾಜೆಕ್ಟಿನ ಕೊನೆಯಲ್ಲಿ ಆಲೋಚನೆಗೆಂದೇ ಒಂದು ಪೀರಿಯಡನ್ನು ಇಲಾಖೆಯವರು ಗೊತ್ತುಮಾಡಲಿ. ಅಂಕವು ವಸ್ತುವಿನ ಥಳಕಿಗೆ ಸಲ್ಲದೆ ಮಗುವಿನ ವಿವೇಚನೆಗೆ ಸಲ್ಲಲಿ. ಉಂಡದ್ದು ಅರಗಿದರಲ್ಲವೆ ಮೈಗೆ ಹತ್ತುವುದು!