ಮಂಡಳಿಯ ಅಧ್ಯಕ್ಷರನ್ನು ಮೊದಲು ಸದನ ಪ್ರಶ್ನಿಸಲಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಬದುಕು ಬಹುಮಟ್ಟಿಗೆ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳನ್ನು ಮತ್ತು ಅವುಗಳ ನೀರಿನಲ್ಲಿ ಬೆಳೆಯುವ ಕಬ್ಬನ್ನು ನೆಚ್ಚಿಕೊಂಡಿದೆ. ಸಕ್ಕರೆ ಕಾರ್ಖಾನೆಗಳು ಈ ಸೀಮೆಗೆ ಸಂಪತ್ತನ್ನೂ ಉದ್ಯೋಗವನ್ನೂ ತಂದಿವೆ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಬ್ಬು ನುರಿಸುವ ಹಂಗಾಮು ಮುಗಿಯುವ ಹೊತ್ತಿಗೆ ಬೇಸಿಗೆ ಕಾಲಿಟ್ಟು, ನದಿಗಳ ಹರಿವು ಕ್ಷೀಣಿಸಿರುತ್ತದೆ. ಆಗ ಶುದ್ಧೀಕರಿಸದ ಕಾರ್ಖಾನೆಯ ನೀರಾಗಲಿ, ಊರಿನ ಚರಂಡಿ ನೀರಾಗಲಿ ನದಿಗೆ ಸೇರಿದರೆ ನೀರಿನಲ್ಲಿರುವ ಆಮ್ಲಜನಕ ಕುಗ್ಗುತ್ತದೆ, ಮೀನುಗಳು ಸಾಯುತ್ತವೆ. ಗಡಿಯಾಚೆ ಕೊಲ್ಹಾಪುರ, ಇಚಲಕರಂಜಿಗಳ ಕೊಳೆಯನ್ನು ಹೊತ್ತ ಪಂಚಗಂಗೆಯು ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡಿಕೊಂಡು ನಮ್ಮತ್ತ ಹರಿದು ಬರುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಹಳೆಯ ಪಾಠ. ಲಾಭ ಒಬ್ಬರ ಲೆಕ್ಕದಲ್ಲಿ ಜಮೆಯಾಗುತ್ತದೆ, ವೆಚ್ಚ ಕೆಳದಂಡೆಯ ಅನಾಮಿಕರ ಪಾಲಿಗೆ ಬೀಳುತ್ತದೆ. ಈ ಅಸಮತೋಲನವನ್ನು ಸರಿಪಡಿಸಲೆಂದೇ 1974ರ ಜಲ ಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆಯು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳನ್ನು ಸೃಷ್ಟಿಸಿತು. ಕಾರ್ಖಾನೆ ಸ್ಥಾಪಿಸಲು ಮತ್ತು ನಡೆಸಲು ಸಮ್ಮತಿ ನೀಡುವುದು ಮಂಡಳಿ. ತಪ್ಪಿದಲ್ಲಿ ಬಾಗಿಲು ಮುಚ್ಚಿಸಿ ವಿದ್ಯುತ್ತು, ನೀರು ಕಡಿತಗೊಳಿಸುವ ಆದೇಶ ಹೊರಡಿಸಬಲ್ಲದ್ದೂ ಅದೇ. ಪರಿಸರ ಹಾನಿಗೆ ಪರಿಹಾರ ವಸೂಲಿ ಮಾಡುವ ಅಧಿಕಾರವೂ ಮಂಡಳಿಗಳಿಗೆ ಉಂಟೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ.

ಇಷ್ಟು ಅಧಿಕಾರವುಳ್ಳ ಸಂಸ್ಥೆಯ ಅಧ್ಯಕ್ಷರ ಆಯ್ಕೆ ಹೇಗೆ ನಡೆಯುತ್ತದೆ? ಪರಿಸರ ಸಂರಕ್ಷಣೆಯಲ್ಲಿ ವಿಶೇಷ ಜ್ಞಾನ ಅಥವಾ ಪ್ರಾಯೋಗಿಕ ಅನುಭವ, ಇಲ್ಲವೇ ಅಂತಹ ಸಂಸ್ಥೆಗಳ ಆಡಳಿತದ ಅರಿವು ಮತ್ತು ಅನುಭವ ಇರಬೇಕೆಂದು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಅದು ಇದೆಯೋ ಇಲ್ಲವೋ ಎಂದು ಸಾರ್ವಜನಿಕವಾಗಿ ಪರೀಕ್ಷಿಸುವ ವೇದಿಕೆಯೇ ಇಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಕಳವಳ ವ್ಯಕ್ತಪಡಿಸಿ, ಆರು ತಿಂಗಳೊಳಗೆ ನೇಮಕ ನಿಯಮಗಳನ್ನು ರೂಪಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಅದಾದ ಮೇಲೆಯೂ 2019ರಲ್ಲಿ ನಮ್ಮ ರಾಜ್ಯದ ಅಂದಿನ ಮೈತ್ರಿ ಸರ್ಕಾರವು ಚಿಕ್ಕಬಳ್ಳಾಪುರದ ಶಾಸಕರಾಗಿದ್ದ ಡಾ. ಕೆ. ಸುಧಾಕರ್ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿತು. ಅವರ ಯೋಗ್ಯತೆಯನ್ನು ಅಳೆಯುವುದು ನನ್ನ ಉದ್ದೇಶವಲ್ಲ. ಯೋಗ್ಯತೆಯ ಪ್ರಶ್ನೆಯನ್ನು ಕೇಳುವ ಸ್ಥಳವೇ ಇರಲಿಲ್ಲವೆಂಬುದು ನನ್ನ ಆಕ್ಷೇಪ.

ಆಯ್ಕೆಯ ವಿಧಾನವನ್ನು ಕೇಂದ್ರವೇ ಗೊತ್ತುಪಡಿಸಲೆಂದು 2024ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಮೊದಲಿಗೆ ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿದ ಈ ತಿದ್ದುಪಡಿಯನ್ನು ಬೇರೆ ರಾಜ್ಯಗಳು ತಮ್ಮ ಶಾಸನಸಭೆಯ ನಿರ್ಣಯದ ಮೂಲಕ ಒಪ್ಪಿಕೊಳ್ಳಬಹುದು. ಆದರೆ ಬೆಂಗಳೂರಿನ ಮುಚ್ಚಿದ ಕೋಣೆಯ ಬದಲು ದೆಹಲಿಯ ಮುಚ್ಚಿದ ಕೋಣೆ ಎಂಬುದು ಪರಿಹಾರವಾಗದು.

ಬೇರೆ ದಾರಿ ಇದೆ. ಬ್ರಿಟನ್ನಿನಲ್ಲಿ 2008ರಿಂದೀಚೆಗೆ ಪ್ರಮುಖ ಸಾರ್ವಜನಿಕ ಹುದ್ದೆಗಳಿಗೆ ಸರ್ಕಾರ ಆರಿಸಿದ ಅಭ್ಯರ್ಥಿಯನ್ನು ನೇಮಕಕ್ಕೆ ಮುನ್ನ ಸಂಸದೀಯ ಸಮಿತಿಗಳು ಬಹಿರಂಗವಾಗಿ ಪ್ರಶ್ನಿಸುತ್ತವೆ. ಅಲ್ಲಿನ ಹೊಸ ಪರಿಸರ ಕಾವಲು ಸಂಸ್ಥೆಯ ಮೊದಲ ಅಧ್ಯಕ್ಷೆಯಾಗಲಿದ್ದ ಗ್ಲೆನಿಸ್ ಸ್ಟೇಸಿ ಅವರೂ 2020ರ ಡಿಸೆಂಬರ್‌ನಲ್ಲಿ ಇಂಥ ವಿಚಾರಣೆಗೆ ಹಾಜರಾಗಿದ್ದರು. ಸಮಿತಿಗೆ ತಡೆಯಾಜ್ಞೆಯ ಅಧಿಕಾರವಿಲ್ಲ. ಆದರೆ ಅದರ ಅಭಿಪ್ರಾಯವನ್ನು ಕಡೆಗಣಿಸುವ ಸಚಿವರು ಸದನಕ್ಕೆ ಮುಖ ತೋರಿಸಬೇಕಾಗುತ್ತದೆ. ನಮಗೂ ಈ ತತ್ತ್ವ ಅಪರಿಚಿತವಲ್ಲ. ಲೋಕಾಯುಕ್ತರ ನೇಮಕಕ್ಕೆ ಮುನ್ನ ಮುಖ್ಯಮಂತ್ರಿಯು ಉಭಯ ಸದನಗಳ ಪೀಠಾಧಿಪತಿಗಳು ಹಾಗೂ ವಿರೋಧ ಪಕ್ಷದ ನಾಯಕರೊಡನೆ ಸಮಾಲೋಚಿಸಬೇಕೆಂದು ನಮ್ಮ ಕಾನೂನೇ ವಿಧಿಸುತ್ತದೆ.

ಬಲವಾದ ಆಕ್ಷೇಪವೊಂದಿದೆ, ಅದು ಈ ಐದು ತಾಲ್ಲೂಕುಗಳ ಜನರಿಗೆ ಚೆನ್ನಾಗಿ ಗೊತ್ತು. ಕಾರ್ಖಾನೆಯ ಆಡಳಿತ ಮಂಡಳಿಯಲ್ಲಿ ಕೂರುವವರೇ ಇಲ್ಲಿ ಚುನಾವಣೆಗೂ ನಿಲ್ಲುತ್ತಾರೆ. ಅವರೇ ಪ್ರಶ್ನೆ ಕೇಳಿದರೆ ಬೇಲಿಯೇ ಹೊಲ ಮೇಯ್ದಂತಾಗದೇ? ನಿಜ. ಆದ್ದರಿಂದಲೇ ಮಂಡಳಿಯ ಸಮ್ಮತಿಗೆ ಒಳಪಡುವ ಉದ್ಯಮದಲ್ಲಿ ತನಗಾಗಲಿ, ಕುಟುಂಬಕ್ಕಾಗಲಿ ಹಿತಾಸಕ್ತಿಯುಳ್ಳ ಸದಸ್ಯರು ಅದನ್ನು ಘೋಷಿಸಿ ಹೊರಗುಳಿಯಬೇಕು. ಇಂದಿನ ಪದ್ಧತಿಯಲ್ಲಿ ಆ ಪ್ರಭಾವ ಇಲ್ಲವೆಂದಲ್ಲ, ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ನೇಮಕ ವಿಳಂಬವಾಗುತ್ತದೆಂಬ ಭಯವೂ ಬೇಡ. ಹಿಂದಿನವರ ಅವಧಿ ಮುಗಿಯುವ ದಿನ ಮೊದಲೇ ತಿಳಿದಿರುತ್ತದೆ.

ಮುಂದಿನ ಹೆಜ್ಜೆ ಕಷ್ಟದ್ದಲ್ಲ. ಉಭಯ ಸದನಗಳ ಜಂಟಿ ಸಮಿತಿಯೊಂದು ಆಯ್ಕೆಯಾದ ವ್ಯಕ್ತಿಯನ್ನು ಬಹಿರಂಗವಾಗಿ ಪ್ರಶ್ನಿಸಿ ಲಿಖಿತ ಅಭಿಪ್ರಾಯ ನೀಡಲಿ. ಅದನ್ನು ಒಪ್ಪದಿದ್ದರೆ ಸರ್ಕಾರ ಕಾರಣಗಳನ್ನು ಸದನದಲ್ಲಿ ಮಂಡಿಸಲಿ. ನಾಮನಿರ್ದೇಶನದ ಅಧಿಕಾರ ರಾಜ್ಯದ ಬಳಿ ಇರುವವರೆಗೆ ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ದಶಕಗಳ ಕಾಲ ಕಡತಗಳ ನಡುವೆ ಬದುಕಿದ ನನಗೆ ಒಂದು ಸಂಗತಿ ಖಚಿತ: ನಾಳೆ ಎಲ್ಲರೆದುರು ಉತ್ತರಿಸಬೇಕೆಂಬ ಅರಿವಿದ್ದಾಗ ಇಂದಿನ ಟಿಪ್ಪಣಿಯ ಭಾಷೆಯೇ ಬದಲಾಗುತ್ತದೆ.

ಚಳಿಗಾಲದ ಅಧಿವೇಶನಕ್ಕೆಂದು ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವನ್ನು ಕಟ್ಟಿದ್ದೇವೆ. ಕಬ್ಬಿನ ಗಾಣ ತಿರುಗುವ ಕಾಲವೂ ಅದೇ. ಇಂಥ ವಿಚಾರಣೆ ಮೊದಲ ಬಾರಿಗೆ ಅಲ್ಲಿಯೇ ನಡೆಯಲಿ. ಬೇಸಿಗೆಯಲ್ಲಿ ಕೃಷ್ಣೆಗೆ ಏನು ಮಾಡುವಿರಿ ಎಂಬುದು ಮೊದಲ ಪ್ರಶ್ನೆಯಾಗಲಿ.